ನಾಲ್ಕು ದಿನದ ಸುಳ್ಳು

"ಇದು ಆನ್ ಆಗೋಕೆ ಹನ್ನೊಂದು ನಿಮಿಷ ತಗೊಳ್ಳುತ್ತೆ. ಬಟನ್ ಒತ್ತಿ ಸ್ನಾನಕ್ಕೆ ಹೋಗ್ತೀನಿ. ವಾಪಸ್ ಬಂದ್ರೂ ಆ ಚಕ್ರ ಇನ್ನೂ ತಿರುಗ್ತಾನೇ ಇರುತ್ತೆ."

ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಇದು. ಜ್ವರ ಬಂದ ಮಗುವನ್ನು ಡಾಕ್ಟರ ಮುಂದೆ ಮಲಗಿಸುವ ಹಾಗೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜಿನ ಮೇಲಿಟ್ಟ.

ನಾನು ಸ್ಕ್ರೂ ಬಿಚ್ಚಿದೆ. ಒಳಗೆ ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್. ಫ್ಯಾನಿನ ತುಂಬ ಬಿಳಿ ಕೂದಲು.

"ಬೆಕ್ಕು ಸಾಕಿದ್ದೀರಾ?"

"ಇಲ್ಲ, ಅದು ಪಕ್ಕದ ಮನೆಯವರದ್ದು. ಆದ್ರೆ ಆ ವಿಷಯ ಬೆಕ್ಕಿಗೆ ಗೊತ್ತಿಲ್ಲ."

ನಾನು ನಗಲಿಲ್ಲ. ನಗು ಬಂದಿತ್ತು, ಆದರೆ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದೆ.

ಹಳೆಯ ಡಿಸ್ಕ್ ತೆಗೆದು ಹೊಸ ಎಸ್ಸೆಸ್ಡಿ ಹಾಕಿದೆ, ರ‍್ಯಾಮ್ ಎರಡರಷ್ಟು ಮಾಡಿದೆ, ಫ್ಯಾನು ಒರೆಸಿದೆ. ಮರುದಿನ ಅವನ ಎದುರಿಗೇ ಬಟನ್ ಒತ್ತಿದೆ. ಒಂಬತ್ತು ಸೆಕೆಂಡಿಗೆ ಪರದೆ ಬೆಳಗಿತು. ಅವನು ಒಮ್ಮೆ ಪರದೆಯನ್ನು, ಒಮ್ಮೆ ನನ್ನನ್ನು ನೋಡಿದ.

"ಇನ್ನು ಸ್ನಾನ ಯಾವಾಗ ಮಾಡ್ಲಿ?"

ಈ ಸಲ ಬಾಯಲ್ಲಿ ಸ್ಕ್ರೂ ಇರಲಿಲ್ಲ.

ಬೇರೆ ಭಾಷೆಯ ಸಿನಿಮಾಗಳ ಅಡಿಯಲ್ಲಿ ಬರುತ್ತವಲ್ಲ, ಆ ಸಾಲುಗಳನ್ನು ಬರೆಯುವುದು ಅವನ ಕಸುಬು. ಇಡೀ ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪಾತ್ರಗಳ ತುಟಿಯನ್ನೇ ನೋಡುವ ಕೆಲಸ. ಆ ಅಭ್ಯಾಸ ನನ್ನ ಮೇಲೂ ಪ್ರಯೋಗವಾಗುತ್ತಿತ್ತು. ನಾನು ಬ್ಯಾಟರಿ ಬಗ್ಗೆ ಹೇಳುತ್ತಿದ್ದರೆ ಅವನ ಕಣ್ಣು ನನ್ನ ತುಟಿಯ ಮೇಲಿರುತ್ತಿತ್ತು.

"ಏನು ನೋಡ್ತಿದ್ದೀರಿ?"

"ಕ್ಷಮಿಸಿ. ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ನೋಡೋದು ಅಭ್ಯಾಸ ಆಗ್ಬಿಟ್ಟಿದೆ."

"ನಂದಿನ್ನೂ ಮುಗಿದಿಲ್ಲ."

"ಗೊತ್ತು. ಕಾಯ್ತಿದ್ದೀನಿ."

ಆಮೇಲೆ ವಾರಕ್ಕೊಮ್ಮೆ ಬರತೊಡಗಿದ. ಒಂದು ವಾರ ಸೌಂಡ್ ಬರುತ್ತಿಲ್ಲ ಅಂದ. ನೋಡಿದರೆ ಮ್ಯೂಟ್ ಒತ್ತಿತ್ತು. ಇನ್ನೊಂದು ವಾರ ವೈಫೈ ಸಿಗುತ್ತಿಲ್ಲ ಅಂದ. ಏರೋಪ್ಲೇನ್ ಮೋಡ್ ಆನ್ ಆಗಿತ್ತು. ಅಂಗಡಿ ನನ್ನ ಸೋದರಮಾವನದು. ಮಾವ ಮೂಗಿನ ತುದಿಗೆ ಕನ್ನಡಕ ಇಳಿಸಿ, ಬೆಸುಗೆ ಹಾಕುತ್ತಲೇ ಹೇಳುತ್ತಿದ್ದ, "ಸಬ್‌ಟೈಟಲ್ ಬಂದ ನೋಡು. ಪಾಪ, ಅವನ ಲ್ಯಾಪ್‌ಟಾಪಿಗೆ ಎಂಥ ಗಟ್ಟಿಮುಟ್ಟಾದ ಕಾಯಿಲೆ!"

ನಾನು ಕೇಳಿಸದ ಹಾಗೆ ಇರುತ್ತಿದ್ದೆ. ಆದರೆ ಅವನು ಬರುವ ದಿನ ಕೂದಲನ್ನು ಎರಡು ಸಲ ಬಾಚುತ್ತಿದ್ದೆ.

ಹೀಗೆ ಮೂರು ತಿಂಗಳು ಕಳೆದ ಮೇಲೆ ಒಂದು ಶನಿವಾರ ಅವನು ಬರಿಗೈಯಲ್ಲಿ ಬಂದ.

"ಒಂದು ಹೊಸ ಲ್ಯಾಪ್‌ಟಾಪ್ ಬೇಕು. ನನಗಲ್ಲ."

"ಯಾರಿಗೆ?"

"ಒಬ್ಬಳಿಗೆ."

ಒಬ್ಬಳಿಗೆ. ಅಕ್ಕನಿಗೆ ಅನ್ನಲಿಲ್ಲ, ಅಮ್ಮನಿಗೆ ಅನ್ನಲಿಲ್ಲ. ನಾನು ಪೆನ್ನು ತೆಗೆದುಕೊಂಡೆ. "ಏನೇನಿರಬೇಕು ಹೇಳಿ."

"ತೂಕ ಕಮ್ಮಿ ಇರ್ಲಿ, ಅವಳು ಬ್ಯಾಗಲ್ಲಿ ಹಾಕ್ಕೊಂಡು ಓಡಾಡ್ತಾಳೆ. ಬ್ಯಾಟರಿ ಇಡೀ ದಿನ ಬರಬೇಕು. ಕೀಗಳ ನಡುವೆ ಜಾಗ ಇರಬೇಕು, ಬೆರಳಿಗೆ ಒಂದೊಂದೂ ಬೇರೆಬೇರೆಯಾಗಿ ಸಿಗಬೇಕು. ಎಫ್ ಮತ್ತು ಜೆ ಮೇಲೆ ಒಂದು ಸಣ್ಣ ಗೆರೆ ಉಬ್ಬಿರುತ್ತಲ್ಲ, ಅದು ಚೆನ್ನಾಗಿ ತಿಳೀಬೇಕು. ಹೆಡ್‌ಫೋನಿಗೆ ತೂತು ಇರ್ಲೇಬೇಕು."

"ಸ್ಕ್ರೀನು?"

"ಹೇಗಿದ್ರೂ ನಡೆಯುತ್ತೆ."

ನನ್ನ ಪೆನ್ನು ನಿಂತಿತು. ಸ್ಕ್ರೀನು ಹೇಗಿದ್ದರೂ ನಡೆಯುತ್ತದೆ ಎನ್ನುವ ಗಿರಾಕಿಯನ್ನು ನಾನು ಕಂಡಿರಲಿಲ್ಲ.

"ಅವಳಿಗೆ ಕಣ್ಣು ಹೋಗ್ತಾ ಇದೆ," ಅಂದ. "ಎರಡು ವರ್ಷದಿಂದ. ಈಗ ಬೆಳಕು ಯಾವುದು ನೆರಳು ಯಾವುದು ಅನ್ನೋದಷ್ಟೇ ಗೊತ್ತಾಗುತ್ತೆ. ಸ್ಕ್ರೀನ್ ರೀಡರ್ ಬಳಸ್ತಾಳೆ, ಅದೇ, ಪರದೆ ಮೇಲಿರೋದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಲ್ಲ. ಹಳೇದರಲ್ಲಿ ಅದು ತೊದಲ್ತಾ ಇದೆ."

"ನಿಮಗೆ ಅವರು..."

"ಒಂದು ಕಾಲಕ್ಕೆ ನಾವು ಮದುವೆ ಆಗ್ಬೇಕಿತ್ತು," ಎಂದ, ಅಷ್ಟೇ ಸಹಜವಾಗಿ.

ಹೊಟ್ಟೆಯೊಳಗೆ ಯಾರೋ ಬೆಸುಗೆಯ ಕಡ್ಡಿ ಇಟ್ಟಂತಾಯಿತು. ಜೊತೆಗೆ ನಾಚಿಕೆ. ಕಣ್ಣು ಕಳೆದುಕೊಳ್ಳುತ್ತಿರುವ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವ ನಾನು ಎಂಥವಳು? ನಾಚಿಕೆಯಾದರೆ ಕಿಚ್ಚು ಆರುತ್ತದೆ ಅಂದುಕೊಂಡಿದ್ದೆ. ಆರಲಿಲ್ಲ. ಎರಡೂ ಪಕ್ಕಪಕ್ಕದಲ್ಲೇ ಕುಳಿತವು.

ಆದರೂ ಕೆಲಸ ಕೆಲಸವೇ. ಅವಳಿಗಾಗಿ ಅಂಗಡಿಯಲ್ಲಿದ್ದ ಆರು ಮಾಡೆಲ್‌ಗಳ ಕೀಬೋರ್ಡನ್ನು ಕಣ್ಣುಮುಚ್ಚಿ ಮುಟ್ಟಿ ನೋಡಿದೆ. ಅವನೂ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡ. ಒಂದರ ಮೇಲೆ ನಮ್ಮಿಬ್ಬರ ಬೆರಳೂ ತಾಗಿದವು. ಬೇರೆ ದಿನವಾಗಿದ್ದರೆ ಆ ತಾಗುವಿಕೆಯನ್ನು ವಾರವಿಡೀ ಜೋಪಾನ ಮಾಡಿಕೊಳ್ಳುತ್ತಿದ್ದೆ. ಅಂದು ಕೈ ಹಿಂದಕ್ಕೆಳೆದುಕೊಂಡೆ. ಈ ಎಚ್ಚರ, ಈ ಮುತುವರ್ಜಿ ಎಲ್ಲ ಯಾರಿಗಾಗಿ ಅನ್ನುವುದು ಗೊತ್ತಿತ್ತಲ್ಲ.

ಸೋಮವಾರ ಬೆಳಿಗ್ಗೆ ಅವಳ ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟ. ಅದರಲ್ಲಿರುವುದೆಲ್ಲ ಹೊಸದಕ್ಕೆ ಹೋಗಬೇಕು.

ನಮ್ಮ ಅಂಗಡಿಯಲ್ಲಿ ಒಂದು ನಿಯಮವಿದೆ. ನಾನು ಕೆಲಸಕ್ಕೆ ಸೇರಿದ ದಿನವೇ ಮಾವ ಹೇಳಿದ್ದ: "ಗಿರಾಕಿಯ ಫೈಲು ಅಂದ್ರೆ ಪರರ ಮನೆ ಪೆಟ್ಟಿಗೆ. ಹೊತ್ತು ಸಾಗಿಸು. ಮುಚ್ಚಳ ಎತ್ತಬೇಡ." ಏಳು ವರ್ಷದಲ್ಲಿ ಒಂದು ಸಲವೂ ನಾನು ಮುಚ್ಚಳ ಎತ್ತಿರಲಿಲ್ಲ.

ಫೈಲುಗಳು ಒಂದೊಂದಾಗಿ ಸಾಗುತ್ತಿದ್ದವು. ಒಂದು ಫೋಲ್ಡರ್ ಮಾತ್ರ ತುಂಬ ಹೊತ್ತು ಹಿಡಿಯಿತು. ಹೆಸರು 'ನನಗೆ'. ಒಳಗೆ ನೂರಾ ನಲವತ್ತು ಆಡಿಯೋ. ಪ್ರತಿಯೊಂದಕ್ಕೂ ತಾರೀಕು, ಜೊತೆಗೆ ಅವನ ಹೆಸರಿನ ಮೊದಲಕ್ಷರ. ಕೊನೆಯದು ಹಿಂದಿನ ವಾರದ್ದು.

ಮಾವ ಊಟಕ್ಕೆ ಹೋಗಿದ್ದ. ನಾನು ಹೆಡ್‌ಫೋನ್ ಹಾಕಿಕೊಂಡೆ.

ಅವನದೇ ದನಿ. ಇಷ್ಟು ಹತ್ತಿರದಿಂದ, ಇಷ್ಟು ಮೆತ್ತಗೆ ನಾನು ಎಂದೂ ಕೇಳಿರದ ದನಿ. "ನೀನಿಲ್ಲದ ಮನೆಗೆ ನಾನು ಯಾವ ಮುಖ ಇಟ್ಟುಕೊಂಡು ಹೋಗಲಿ? ಒಂದು ಸಲ ಹೂಂ ಅನ್ನು, ಸಾಕು. ಉಳಿದದ್ದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ."

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆಸೆದೆ.

ಕಾಪಿ ಆಗುವುದು ಎರಡು ಗಂಟೆಯಲ್ಲಿ ಮುಗಿಯಿತು. ಸ್ಕ್ರೀನ್ ರೀಡರ್ ಕೂಡ ಹಾಕಿಯಾಯಿತು. ಎಲ್ಲ ಸಿದ್ಧ. ಮೂರು ಗಂಟೆಗೆ ಅವನ ಫೋನ್ ಬಂತು.

"ಆಯ್ತಾ?"

"ಇಲ್ಲ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಹಳೇ ಡಿಸ್ಕ್ ಹಾಳಾಗಿದೆ. ಫೈಲುಗಳು ಬರ್ತಿಲ್ಲ. ನಾಲ್ಕು ದಿನ ಬೇಕು."

"ಗುರುವಾರ ಅವಳಿಗೆ ಒಂದು ಕೆಲಸ ಇತ್ತು... ಇರ್ಲಿ. ನೀವೇ ನಾಲ್ಕು ದಿನ ಅಂದ ಮೇಲೆ ನಾಲ್ಕು ದಿನವೇ."

ಏನು ಕೆಲಸ ಅಂತ ನಾನು ಕೇಳಲಿಲ್ಲ. ಇಬ್ಬರೂ ಕೂತು ಆ ಆಡಿಯೋಗಳನ್ನು ಕೇಳುವುದಿರಬೇಕು, ಕೇಳದಿದ್ದರೆ ಏನು ಮುಳುಗುತ್ತದೆ ಅಂದುಕೊಂಡೆ. ಎರಡೂ ಲ್ಯಾಪ್‌ಟಾಪುಗಳನ್ನು ಮೇಜಿನ ಕೆಳಗೆ ಸರಿಸಿ ಮೇಲೆ ಬಟ್ಟೆ ಮುಚ್ಚಿದೆ.

ಗುರುವಾರ ಹತ್ತು ಗಂಟೆಗೆ ಅಂಗಡಿಯ ಮೆಟ್ಟಿಲಿಗೆ ಟಕ್ ಟಕ್ ಎಂದು ಕೋಲು ತಾಗಿದ ಸದ್ದು. ಬಿಳಿ ಕೋಲು, ನೀಲಿ ಅಂಗಿ, ಕತ್ತಿನವರೆಗೆ ಕತ್ತರಿಸಿದ ಕೂದಲು. ನೋಡಿದೊಡನೆ ಯಾರೆಂದು ತಿಳಿಯಿತು. ಚೆಂದವಿದ್ದಳು. ಅದೂ ಒಂದು ಕಷ್ಟ.

"ಕೌಂಟರ್ ಎಲ್ಲಿ? ಹಾಂ, ಸಿಕ್ತು. ಲ್ಯಾಪ್‌ಟಾಪ್ ಡಾಕ್ಟರ್ ನೀವೇನಾ? ನನ್ನ ರೋಗಿ ಹೇಗಿದೆ?"

"ನೀವೊಬ್ರೇ ಬಂದ್ರಾ?"

"ಅವನಿಗೆ ಹೇಳದೆ ಬಂದೆ. ಡಾಕ್ಟರನ್ನ ಪೀಡಿಸಬೇಡ, ಅವ್ರು ನಾಲ್ಕು ದಿನ ಅಂದ್ರೆ ನಾಲ್ಕೇ ದಿನ ಅಂತ ಮೂರು ದಿನದಿಂದ ನನ್ನ ತಲೆ ತಿಂತಿದ್ದಾನೆ." ಅವಳು ಸ್ಟೂಲು ತಡವಿ ಕುಳಿತಳು. "ಹನ್ನೊಂದೂವರೆಗೆ ನನಗೊಂದು ಆನ್‌ಲೈನ್ ಪರೀಕ್ಷೆ ಇದೆ. ವೆಬ್‌ಸೈಟುಗಳು ನಮ್ಮಂಥವರಿಗೆ ಬಳಸೋಕೆ ಬರುತ್ತಾ ಇಲ್ವಾ ಅಂತ ತಪಾಸಣೆ ಮಾಡೋ ಕೆಲಸ. ಎರಡು ವರ್ಷದಲ್ಲಿ ನನ್ನನ್ನ ಕರೆದ ಮೊದಲ ಕಂಪನಿ. ಅವನು ತನ್ನ ಲ್ಯಾಪ್‌ಟಾಪ್ ಕೊಡ್ತೀನಿ ಅಂದ. ಬೇರೆಯವರ ಚಪ್ಪಲಿ ಹಾಕ್ಕೊಂಡು ಓಟಕ್ಕೆ ಇಳಿದ ಹಾಗಾಗುತ್ತೆ ಅಂದೆ. ಅರ್ಧಂಬರ್ಧ ಆಗಿದ್ರೂ ಪರವಾಗಿಲ್ಲ, ಕೊಡ್ತೀರಾ?"

ಬಟ್ಟೆಯ ಕೆಳಗೆ ಲ್ಯಾಪ್‌ಟಾಪ್ ನನ್ನ ಕಾಲಿಗೆ ತಾಗಿಕೊಂಡೇ ಇತ್ತು. "ಈಗಷ್ಟೇ ಮುಗೀತು" ಎಂದಿದ್ದರೆ ಸಾಕಿತ್ತು. ಅವಳಿಗೂ ಗೊತ್ತಾಗುತ್ತಿರಲಿಲ್ಲ, ಅವನಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಕೈ ಮುಂದೆ ಚಾಚಿ ಕುಳಿತಿದ್ದಳು, ನಾನು ಏನಿಟ್ಟರೂ ತೆಗೆದುಕೊಳ್ಳುವ ಹಾಗೆ.

"ಸೋಮವಾರವೇ ಆಗಿತ್ತು," ಎಂದೆ. "ಡಿಸ್ಕ್ ಚೆನ್ನಾಗೇ ಇದೆ. ನಾನು ಸುಳ್ಳು ಹೇಳಿದೆ."

ಅವಳ ಹುಬ್ಬು ಮೇಲೇರಿತು. "ಯಾಕೆ?"

"ನಿಮ್ಮ ಒಂದು ಆಡಿಯೋ ಕೇಳಿದೆ. 'ನನಗೆ' ಅನ್ನೋ ಫೋಲ್ಡರಿಂದ. ಕೇಳಬಾರದಿತ್ತು. ಅವರು ನಿಮಗೆ... ಒಂದು ಸಲ ಹೂಂ ಅನ್ನು, ಸಾಕು ಅಂತ..."

ಅವಳ ಮುಖ ಗಂಟಿಕ್ಕಿತು. ಆಮೇಲೆ ನಿಧಾನವಾಗಿ ಬಿಚ್ಚಿಕೊಂಡಿತು, ಇದ್ದಕ್ಕಿದ್ದಂತೆ ಅವಳು ನಗತೊಡಗಿದಳು. ಕೋಲು ಜಾರಿ ಕೆಳಗೆ ಬಿತ್ತು. "ಅಯ್ಯೋ ಡಾಕ್ಟರೇ! ಅದು ಕಾದಂಬರಿ! ಆಡಿಯೋದಲ್ಲಿ ಸಿಗದ ಪುಸ್ತಕಗಳನ್ನ ಅವನು ಓದಿ ಕಳಿಸ್ತಾನೆ. ಆ ಕಾದಂಬರಿಯ ಹೀರೋ ಹತ್ತು ಪುಟ ಅಳ್ತಾನೆ, ನನಗೇ ಅವನನ್ನ ಎರಡು ಬಾರಿಸೋಣ ಅನ್ನಿಸಿತ್ತು. ಇನ್ನೊಂದು ನಿಮಿಷ ಕೇಳಿದ್ರೆ 'ಅಧ್ಯಾಯ ಹದಿನಾಲ್ಕು' ಅಂತ ಬರ್ತಿತ್ತು."

ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಅವಳು ನಗು ನಿಲ್ಲಿಸಿದಳು. ಆಗ ಅವಳ ದನಿ ಬೇರೆಯಾಗಿತ್ತು.

"ಆದ್ರೆ ನೀವು ಕೇಳಿದ್ದು ನನಗೆ ಇಷ್ಟ ಆಗ್ಲಿಲ್ಲ. ಈಗೀಗ ನನ್ನ ಚೀಟಿ, ನನ್ನ ಔಷಧಿ, ನನ್ನ ಪತ್ರ, ಎಲ್ಲಾನೂ ಯಾರೋ ಒಬ್ರು ನನಗೆ ಓದಿ ಹೇಳ್ಬೇಕು. ನಂದು ಅಂತ ಉಳಿದಿರೋದು ಆ ಲ್ಯಾಪ್‌ಟಾಪ್ ಡಬ್ಬಿ ಒಂದೇ. ಪರೀಕ್ಷೆ ಮುಗೀಲಿ, ಆಮೇಲೆ ಸರಿಯಾಗಿ ಬೈತೀನಿ. ಈಗ ಕೆಲಸ ಶುರು ಮಾಡಿ."

ಅವಳು ಅಲ್ಲೇ ಕೂತು ಬರೆಯಲೆಂದು ಹಿಂದಿನ ಕೋಣೆಯಲ್ಲಿ ಮೇಜು ಖಾಲಿ ಮಾಡಿದೆ. ಅವಳ ಬೆರಳು ಎಫ್ ಮತ್ತು ಜೆ ಹುಡುಕಿಕೊಂಡು ಅಲ್ಲೇ ನೆಲೆಸಿದವು. "ಕೀಬೋರ್ಡ್ ಯಾರು ಆರಿಸಿದ್ದು?" ಎಂದಳು. ನಾನು ಚಾರ್ಜರ್ ಸಿಕ್ಕಿಸಿದೆ. "ಚೆನ್ನಾಗಿದೆ," ಎಂದಳು. ಬ್ಲೂಟೂತ್ ಹೆಡ್‌ಫೋನಿನಲ್ಲಿ ದನಿ ಅರೆಕ್ಷಣ ತಡವಾಗಿ ಬರುತ್ತಿತ್ತು, ತೆಗೆದು ವೈರಿನದನ್ನು ಸಿಕ್ಕಿಸಿದೆ. ನಡುವೆ ಯಾವ ಅಪ್‌ಡೇಟೂ ಬಂದು ರೀಸ್ಟಾರ್ಟ್ ಆಗದಂತೆ ತಡೆಹಿಡಿದೆ. ನೋಟಿಫಿಕೇಶನ್ ಎಲ್ಲ ಮುಚ್ಚಿದೆ. ಅವಳು ಓದುವ ವೇಗವನ್ನು ಏರಿಸುತ್ತಾ ಹೋದಳು. ಕೊನೆಗೆ ಹೆಡ್‌ಫೋನಿನಿಂದ ಸೋರುತ್ತಿದ್ದ ಮಾತು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳತೊಡಗಿತು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ.

"ನಿಮಗೆ ಅರ್ಥ ಆಗುತ್ತಾ?"

"ನೀವು ಕಣ್ಣಾಡಿಸ್ತೀರಲ್ಲ, ಹಾಗೇ ಇದು."

ಹನ್ನೊಂದೂವರೆಗೆ ಬಾಗಿಲು ಎಳೆದುಕೊಂಡು ಹೊರಗೆ ಕುಳಿತೆ. ಒಂದೂವರೆಯವರೆಗೆ ಯಾರನ್ನೂ ಆ ಕಡೆ ಬಿಡಲಿಲ್ಲ. ಮಾವ ಕೇಳಿದ್ದಕ್ಕೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಕನ್ನಡಕ ತೆಗೆದು ಮಡಿಸಿಟ್ಟ. ಬೈಯುವಾಗ ಮಾತ್ರ ಅವನು ಕನ್ನಡಕ ತೆಗೆಯುವುದು. "ಒಂದು ತಿಂಗಳು ನೀನು ಯಾರ ಡೇಟಾನೂ ಮುಟ್ಟಬೇಡ. ಫ್ಯಾನ್ ಒರೆಸ್ಕೊಂಡಿರು." ಅಷ್ಟೇ. ಅದು ಬೈಗುಳಕ್ಕಿಂತ ಜೋರಾಗಿ ತಟ್ಟಿತು.

ಅವಳು ಹೊರಬಂದಾಗ ಬೆವರಿದ್ದಳು. ಕೊಟ್ಟ ಮಾತಿನಂತೆ ಬೈದಳು. ಬೈದು ಮುಗಿಸಿ ಒಂದು ಲೋಟ ನೀರು ಕುಡಿದಳು.

"ಮದುವೆ ಬೇಡ ಅಂದಿದ್ದು ನಾನೇ. ಕಣ್ಣಿನ ಸುದ್ದಿ ಬರೋದಕ್ಕೂ ಒಂದು ವರ್ಷ ಮುಂಚೆ. ನಾವಿಬ್ರೂ ಜೊತೆಗಿದ್ರೆ ಒಳ್ಳೇ ಸ್ನೇಹಿತರು, ಅಷ್ಟೇ. ಇದನ್ನ ನಿಮಗೆ ಹೇಳೋ ಅಗತ್ಯ ಇಲ್ಲ, ಆದ್ರೂ ಹೇಳ್ತಿದ್ದೀನಿ." ಬಾಗಿಲ ಬಳಿ ತಿರುಗಿದಳು. "ಅವನಿಗೆ ನೀವೇ ಹೇಳಿ. ನಾನು ಚಾಡಿ ಹೇಳೋಳಲ್ಲ. ಹಾಗಂತ ನಿಮ್ಮ ಸುಳ್ಳಿಗೆ ಜೊತೆ ನಿಲ್ಲೋಳೂ ಅಲ್ಲ."

ಸಂಜೆ ಅವನ ಮನೆಗೆ ಹೋದೆ. ಮೊದಲ ಮಹಡಿ. ಮೇಜಿನ ಮೇಲೆ ಎರಡು ಪರದೆ, ಒಂದರಲ್ಲಿ ಯಾರೋ ಅರ್ಧ ತೆರೆದ ಬಾಯಲ್ಲಿ ನಿಂತುಹೋಗಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಮುಗೀತಾ?"

"ಮುಗೀತು."

"ನೀವು ಫೋನಲ್ಲಿ ಹೇಳಿದ ತಕ್ಷಣ ನಾನು ನಂಬಿದೆ," ಎಂದ. "ಅವಳು ಅನುಮಾನಪಟ್ಟಾಗ ಅವಳ ಮೇಲೆ ರೇಗಿದೆ. ನಿಮ್ಮ ಪರವಾಗಿ." ಆಮೇಲೆ ಕೇಳಿದ, "ಯಾಕೆ ಹೀಗೆ ಮಾಡಿದ್ರಿ?"

"ಹೊಟ್ಟೆಕಿಚ್ಚು."

"ಯಾಕೆ ಹೊಟ್ಟೆಕಿಚ್ಚು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತಪ್ಪು ಒಪ್ಪಿಕೊಳ್ಳಲು ಬಂದವಳು ಪ್ರೀತಿಯನ್ನು ಅದಕ್ಕೆ ನೆಪವಾಗಿ ಒಡ್ಡುವುದು ಹೇಗೆ? ಮೆಟ್ಟಿಲಿಳಿದು ಬಂದುಬಿಟ್ಟೆ. ಅವನು ಕರೆಯಲಿಲ್ಲ.

ಮೂರು ವಾರ ಅವನು ಬರಲಿಲ್ಲ. ನಾನು ಫ್ಯಾನ್ ಒರೆಸಿದೆ.

ನಾಲ್ಕನೆಯ ವಾರದ ಮಂಗಳವಾರ, ರಸ್ತೆಯಾಚೆ ಹೊಸದಾಗಿ ತೆರೆದಿದ್ದ ಗಾಜಿನ ಬಾಗಿಲಿನ ರಿಪೇರಿ ಅಂಗಡಿಯಲ್ಲಿ ಅವನು ಕಂಡ. ಕಿಟಕಿಯ ಪಕ್ಕದ ಕುರ್ಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್. ಎದುರಿಗೆ ಆ ಅಂಗಡಿಯ ಟೆಕ್ನಿಷಿಯನ್. ಕತ್ತಿಗೆ ಬ್ಯಾಡ್ಜ್ ತೂಗುಹಾಕಿಕೊಂಡ ನಗುಮೊಗದ ಹುಡುಗಿ. ಬುಧವಾರವೂ ಕಂಡ. ಗುರುವಾರವೂ. ಗುರುವಾರ ಆ ಹುಡುಗಿ ಏನೋ ಹೇಳಿದಳು, ಅವನು ತಲೆ ಹಿಂದಕ್ಕೆ ಚೆಲ್ಲಿ ನಕ್ಕ.

"ಫ್ಯಾನಿನ ರೆಕ್ಕೆ ಮುರೀತೀಯ, ನಿಧಾನ," ಎಂದ ಮಾವ.

ಬ್ರಶ್ಶು ಕೈಯಲ್ಲಿರುವಾಗಲೇ ರಸ್ತೆ ದಾಟಿದೆ. ಗಾಜಿನ ಬಾಗಿಲು ನೂಕಿದಾಗ ಹುಡುಗಿ ಹೇಳುತ್ತಿದ್ದಳು, "ಸರ್, ಎಷ್ಟು ಒತ್ತಿದ್ರೂ ಅಕ್ಷರ ಬೀಳ್ತಿಲ್ಲ. ಕೀಬೋರ್ಡೇ ಬದಲಾಯಿಸ್ಬೇಕು."

"ಬೇಡ," ಎಂದೆ. ಇಬ್ಬರೂ ತಿರುಗಿದರು. ಬಗ್ಗಿ ಒಂದು ಕೀ ಒತ್ತಿ ನೋಡಿದೆ. ಬೆರಳು ಅಲ್ಲೇ ಊರಿ ಹಿಡಿದರೆ ಮಾತ್ರ ಅಕ್ಷರ ಬೀಳುತ್ತಿತ್ತು. "ಫಿಲ್ಟರ್ ಕೀಸ್ ಆನ್ ಆಗಿದೆ. ಕೈ ನಡುಗೋರಿಗೆ ಅಂತ ಇರೋ ಸೌಲಭ್ಯ. ತಪ್ಪಿ ತಾಗಿದ್ದನ್ನ ಇದು ಲೆಕ್ಕಕ್ಕೆ ತಗೊಳ್ಳಲ್ಲ. ಬಲಗಡೆ ಶಿಫ್ಟ್ ಎಂಟು ಸೆಕೆಂಡ್ ಹಿಡಿದ್ರೆ ಹೋಗುತ್ತೆ."

ಹಿಡಿದೆ. ಎಂಟು ಸೆಕೆಂಡು ಎಷ್ಟು ಉದ್ದವಿರುತ್ತದೆ ಎಂದು ಅಂದು ತಿಳಿಯಿತು. ಅವನ ಮುಖ ನನ್ನ ಮುಖದಿಂದ ಒಂದು ಗೇಣು ದೂರವಿತ್ತು. ಮೊದಲ ಮೂರು ಸೆಕೆಂಡು ಅವನು ಕೀಬೋರ್ಡ್ ನೋಡಿದ. ಉಳಿದ ಐದು ಸೆಕೆಂಡು ನನ್ನನ್ನು.

ಬೀಪ್ ಎಂದಿತು. ಅಕ್ಷರಗಳು ಸಲೀಸಾಗಿ ಬಿದ್ದವು. ಹುಡುಗಿ "ಓ, ಇದು ಗೊತ್ತಿರಲಿಲ್ಲ," ಎಂದು ಪ್ರಾಮಾಣಿಕವಾಗಿ ಬರೆದುಕೊಂಡಳು. ನಾನು ಹೊರಗೆ ಬಂದೆ. ಹಿಂದೆಯೇ ಅವನೂ ಬಂದ.

"ಗೊತ್ತಿತ್ತು," ಎಂದ. "ನಾನೇ ಆನ್ ಮಾಡಿದ್ದು."

"ಏನು?"

"ಮೂರು ದಿನದಿಂದ. ಕಿಟಕಿ ಪಕ್ಕದ ಕುರ್ಚಿನೇ ಬೇಕು ಅಂತ ಕೇಳಿ ಕೂತಿದ್ದೀನಿ. ನೀವು ಯಾವಾಗ ರಸ್ತೆ ದಾಟ್ತೀರೋ ಅಂತ."

"ನಾಚಿಕೆ ಆಗಲ್ವಾ?"

"ಆಗುತ್ತೆ. ಕೋಪವೂ ಇನ್ನೂ ಪೂರ್ತಿ ಹೋಗಿಲ್ಲ. ಆದ್ರೆ ಮನೇಲಿ ಕೂತು ಕೋಪ ಮಾಡ್ಕೊಳ್ಳೋದಕ್ಕಿಂತ ನಿಮ್ಮ ಎದುರಿಗೆ ಕೂತು ಮಾಡ್ಕೊಳ್ಳೋದು ವಾಸಿ ಅನ್ನಿಸ್ತು." ಅವನು ಲ್ಯಾಪ್‌ಟಾಪನ್ನು ಎದೆಗೊತ್ತಿ ಹಿಡಿದಿದ್ದ. "ಅವಳಿಗೆ ಕೆಲಸ ಸಿಕ್ತು. ನಿನ್ನೆ ಹೇಳಿದ್ಲು. ನಿಮಗೆ ತಿಳಿಸು ಅಂದ್ಲು. ಇನ್ನೊಂದು ಮಾತೂ ಅಂದ್ಲು. ಆ ಡಾಕ್ಟರು ಸುಳ್ಳು ಹೇಳಿ ತಪ್ಪಿಸ್ಕೋಬಹುದಿತ್ತು, ತಪ್ಪಿಸ್ಕೊಳ್ಳಲಿಲ್ಲ ಅಂತ."

ನನ್ನ ಕೈಯಲ್ಲಿ ಬ್ರಶ್ಶು ಇನ್ನೂ ಇತ್ತು. ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ನನ್ನ ಪ್ರಶ್ನೆಗೆ ನೀವು ಉತ್ತರ ಕೊಡ್ಲಿಲ್ಲ," ಎಂದ.

"ನೀವು ಅಂದ್ರೆ ನನಗೆ ಇಷ್ಟ," ಎಂದೆ. "ಅದಕ್ಕೇ ಹೊಟ್ಟೆಕಿಚ್ಚು. ಅವರ ಮೇಲೆ, ಈಗ ಈ ಹುಡುಗಿ ಮೇಲೆ, ನಿಮ್ಮ ಕಿವಿಯಲ್ಲಿ ಇಡೀ ದಿನ ಮಾತಾಡೋ ಆ ಸಿನಿಮಾದವರ ಮೇಲೂ. ನಾನು ಹೀಗೇ. ಮೊದಲೇ ಹೇಳಿಬಿಡ್ತಿದ್ದೀನಿ."

ಅವನು ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. "ನಿಮ್ಮ ಅಂಗಡಿಗೆ ಬರೋ ಪ್ರತಿಯೊಬ್ಬನ ಲ್ಯಾಪ್‌ಟಾಪೂ ಮೊದಲ ಸಲವೇ ಸರಿಹೋಗ್ಲಿ, ಎರಡನೇ ಸಲ ಅವನು ಬರೋದು ಬೇಡ ಅಂತ ನಾನು ಹರಕೆ ಹೊರೋದೊಂದು ಬಾಕಿ."

ಇಬ್ಬರೂ ರಸ್ತೆಯಂಚಿನಲ್ಲಿ ನಿಂತೆವು. ಒಂದು ಬಸ್ಸು ನಮ್ಮನ್ನು ಹಾದುಹೋಯಿತು. ಎದುರು ಬಾಗಿಲಲ್ಲಿ ಮಾವ ಕನ್ನಡಕ ಏರಿಸಿಕೊಂಡು ನೋಡುತ್ತಿದ್ದ, ಮರೆಮಾಚುವ ಪ್ರಯತ್ನವನ್ನೂ ಮಾಡದೆ.

"ಭಾನುವಾರ ಮನೆಗೆ ಊಟಕ್ಕೆ ಬನ್ನಿ," ಎಂದ ಅವನು. "ಅವಳ ಕೆಲಸ ಸಿಕ್ಕಿದ ಖುಷಿಗೆ."

"ಅವರೂ ಇರ್ತಾರಾ?"

"ಇರ್ತಾಳೆ. ಊಟ ಆದ ಮೇಲೆ ಹೊಸ ಕಾದಂಬರಿ ಓದ್ಬೇಕಂತೆ. ಇನ್ನು ಮುಂದೆಯೂ ಓದ್ತೀನಿ. ಅದನ್ನ ಬಿಡಲ್ಲ."

ಬಿಡಿ ಎಂದು ನಾನು ಹೇಳಲಿಲ್ಲ. ಹೇಳಬೇಕೆನಿಸಿದ್ದು ಮಾತ್ರ ನಿಜ.

"ಬರ್ತೀನಿ," ಎಂದೆ. "ಆದ್ರೆ ಈಗ್ಲೇ ಸ್ವಲ್ಪ ಉರೀತಿದೆ."

ನಾಲ್ಕು ತಿಂಗಳಿನಿಂದ ನನ್ನನ್ನು ಬಹುವಚನದಲ್ಲೇ ಕೂರಿಸಿದ್ದವನು ನನ್ನ ಕೈಯ ಬ್ರಶ್ಶು ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಖಾಲಿಯಾದ ಆ ಕೈಯನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದ:

"ಎಷ್ಟು ಉರೀತಿದೆ ನಿನಗೆ?"